ಜೇಬಿನಲ್ಲಿ ಉಳಿದ ಎರಡು ವಾಷರು

ಇಂಜಿನ್ ಬಿಚ್ಚಿ ಕೂಡಿಸಿದ ಮೇಲೆ ಒಂದೆರಡು ಸಾಮಾನು ಕೈಯಲ್ಲಿ ಉಳಿದರೆ ಅದು ಮಿಸ್ತ್ರಿಯ ಜಾಣತನ ಎಂದು ಇಪ್ಪತ್ತಮೂರರ ವಯಸ್ಸಿನಲ್ಲಿ ನಾನು ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಸಿಂಧನೂರಿನ ಚಹಾದಂಗಡಿಯಲ್ಲಿ ಕೂತು ನಾಲ್ಕು ಮಂದಿಗೆ ಹೇಳಿಯೂ ಇದ್ದೆ.

ನಿಜಾಮನ ಆಡಳಿತ ಮುಗಿದು ಎರಡು ಮೂರು ವರ್ಷವಾಗಿತ್ತು. ಊರಿನ ಒಬ್ಬ ಸಾಹುಕಾರರ ಹಳೆಯ ಕಾರಿಗೆ ನಾನು ಡ್ರೈವರ್. ರಿಪೇರಿಯೂ ನನ್ನದೇ. ಲಿಂಗಸುಗೂರಿನ ಒಬ್ಬ ಉಸ್ತಾದರ ಹತ್ತಿರ ನಟ್ಟು ಬೋಲ್ಟು ತಿರುವುವ ಪಾನಾ ಹಿಡಿಯುವುದು ಕಲಿತಿದ್ದೆ. ಕಲಿಯಲು ಎರಡು ವರ್ಷ ಬೇಕೆಂದು ಅವರು ಹೇಳಿದ್ದರು. ನನಗೆ ಎಂಟು ತಿಂಗಳಿಗೇ ಎಲ್ಲ ಬಂದುಬಿಟ್ಟಿತ್ತು. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ನಾನು ಊರ ತುಂಬ ತುಳುಕುತ್ತಿದ್ದೆ.

ಆಗ ಹೆಂಡತಿಗೆ ಚೊಚ್ಚಲು. ಏಳು ತಿಂಗಳು ತುಂಬಲು ಎರಡೇ ದಿನ ಉಳಿದಿತ್ತು. ಎಂಟರಲ್ಲಿ ಬಸುರಿಯನ್ನು ತವರಿಗೆ ಕಳಿಸುವ ರೂಢಿ ನಮ್ಮಲ್ಲಿಲ್ಲ. ಅಷ್ಟರೊಳಗೆ ಅವಳ ತವರೂರು ಲಿಂಗಸುಗೂರು ಮುಟ್ಟದಿದ್ದರೆ ಒಂಬತ್ತು ಬೀಳುವವರೆಗೆ ಅವಳು ಕಾಯಬೇಕು. ಅವಳೋ ತಿಂಗಳಿಂದ ಅವ್ವ ಅವ್ವ ಎಂದು ಹಂಬಲಿಸುತ್ತಿದ್ದಳು. ಬಸ್ಸಿಗೆ ಹೋಗೋಣ ಅಂದಳು. ಮಿಸ್ತ್ರಿಯ ಹೆಂಡತಿ ಬಸ್ಸಿನಲ್ಲಿ ಹೋಗುವುದೇ ಎಂದು ನನಗೆ ರೋಷ ಬಂತು. ಸಾಹುಕಾರರನ್ನು ಕೇಳಿದೆ, ಪಾಪ, ಕಾರು ಒಯ್ಯಿ ಅಂದರು.

ಹಿಂದಿನ ದಿನ ಇಂಜಿನ್ನಿಗೆ ಎಣ್ಣೆ ಒಯ್ಯುವ ಪೈಪನ್ನು ಬಿಚ್ಚಿ ತೊಳೆದೆ. ಅದರ ಬೋಲ್ಟಿನಲ್ಲಿ ಪೈಪಿನ ಎರಡೂ ಬದಿಗೆ ಒಂದೊಂದು ತೆಳ್ಳನೆಯ ತಾಮ್ರದ ವಾಷರು ಇದ್ದವು. ಹಳೆಯವಾಗಿ ಬಿರುಸಾಗಿದ್ದವು. ಕಬ್ಬಿಣಕ್ಕೆ ಕಬ್ಬಿಣ ಬಿಗಿಯಾಗಿ ಕೂತರೆ ನಡುವೆ ಈ ಬಿಲ್ಲೆಗಳಿಗೇನು ಕೆಲಸ? ಎರಡನ್ನೂ ಜೇಬಿಗೆ ಹಾಕಿಕೊಂಡು, ಮೈಯ ಕಸುವೆಲ್ಲ ಹಾಕಿ ಬೋಲ್ಟು ಬಿಗಿದೆ. ಅಂಗಳದಲ್ಲಿ ಐದು ನಿಮಿಷ ಇಂಜಿನ್ ಓಡಿಸಿ ನೋಡಿದೆ. ಒಂದು ಹನಿ ಬೀಳಲಿಲ್ಲ.

ಮರುದಿನ ಹಿಂದಿನ ಸೀಟಿನಲ್ಲಿ ಕೌದಿ ಮಡಿಸಿ ಹಾಸಿ ಅವಳನ್ನು ಕೂಡಿಸಿದೆ. ಊರ ಹೊರಗೆ ಮಂದಿ ಹತ್ತಿಸಿಕೊಳ್ಳುತ್ತ ನಿಂತಿದ್ದ ಬಸ್ಸಿನ ಪಕ್ಕದಲ್ಲಿ ಬೇಕೆಂದೇ ಹಾರ್ನ್ ಹೊಡೆದು ದಾಟಿದೆ. ಮಸ್ಕಿ ಇನ್ನೂ ಎರಡು ಮೈಲಿ ಇರುವಾಗ ಅವಳು ಹಿಂದೆ ತಿರುಗಿ ನೋಡಿದಳು.

"ರೀ, ದಾರಿಗುಂಟ ಏನೋ ಕರ್ರಗ ಬಿದ್ದೈತಿ ನೋಡ್ರಿ."

ಯಾವುದೋ ಬಂಡಿಯ ಕೀಲೆಣ್ಣೆ ಇರಬೇಕೆಂದೆ. ನಮ್ಮ ಹಿಂದಷ್ಟೇ ಇದೆ, ಮುಂದೆ ಇಲ್ಲವಲ್ಲ ಅಂದಳು. ಗಾಡಿ ಓಡಿಸುವವನ ಕೂಡ ಮಾತಾಡಬಾರದು ಎಂದೆ.

ಮಸ್ಕಿಯ ಗುಡ್ಡ ಕಾಣುವ ಹೊತ್ತಿಗೆ ಹೊತ್ತಿದ ಒಗ್ಗರಣೆಯ ವಾಸನೆ ಬಂತು, ಆಮೇಲೆ ಹೊಗೆ. ಬಾನೆಟ್ ಎತ್ತಿದರೆ ನಾನು ಬಿಗಿದ ಬೋಲ್ಟಿನ ಬುಡದಿಂದಲೇ ಎಣ್ಣೆ ಜಿನುಗುತ್ತಿತ್ತು. ಜೇಬಿನ ವಾಷರು ಈಗ ಹಾಕಿದರೂ ಇಂಜಿನ್ನಿಗೆ ಎಣ್ಣೆ ಬೇಕಲ್ಲ. ಅದೆಲ್ಲ ರಸ್ತೆಯ ಮೇಲಿತ್ತು. ಅವಳು ಬೇವಿನ ಗಿಡದ ಕೆಳಗೆ ಹೊಟ್ಟೆಯ ಮೇಲೆ ಕೈ ಇಟ್ಟು ಕೂತಿದ್ದಳು. ತುಟಿ ಒಣಗಿದ್ದವು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಇವಳಿಗೇನಾದರೂ ಆದರೆ ಎಂದು ಅವಳ ಪಕ್ಕದಲ್ಲೇ ಕೂತೆ.

ಅಷ್ಟರಲ್ಲಿ ಧೂಳೆಬ್ಬಿಸುತ್ತ ಅದೇ ಬಸ್ಸು ಬಂತು. ನಾನು ಏಳುವ ಮೊದಲೇ ಅವಳು ಎದ್ದು ಕೈ ಮಾಡಿದಳು.

"ನೀವು ಗಾಡಿ ಹಂತೇಲಿ ಇರ್ರಿ. ನಾ ಅವ್ವನ ಕಡೆ ಹೊಂಟೀನಿ."

ಬಸ್ಸಿನ ಡ್ರೈವರ್ ನನ್ನನ್ನೂ ನೋಡಿದ, ರಸ್ತೆಯನ್ನೂ ನೋಡಿದ, ಬೇಕೆಂದೇ ಹಾರ್ನ್ ಹೊಡೆದು ಹೊರಟ.

ತವರು ಮುಟ್ಟಿದ ಮೇಲೆ ಅವಳೇ ಉಸ್ತಾದರಿಗೆ ಸುದ್ದಿ ಮುಟ್ಟಿಸಿದಳು. ಮರುದಿನ ಅವರು ಎಣ್ಣೆಯ ಡಬ್ಬಿ ಹಿಡಿದು ಬಂದು, ಬೋಲ್ಟು ನೋಡಿ, ಸುಮ್ಮನೆ ಅಂಗೈ ಚಾಚಿದರು. ನಾನು ಜೇಬಿನಿಂದ ವಾಷರು ತೆಗೆದು ಕೊಟ್ಟೆ. ಮಸ್ಕಿಯ ಕಮ್ಮಾರನ ಕುಲುಮೆಯಲ್ಲಿ ಅವನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರು. ಬಿರುಸಾಗಿದ್ದ ತಾಮ್ರ ಮೆತ್ತಗಾಯಿತು. ಬೋಲ್ಟಿಗೆ ತೊಡಿಸಿ, ಹೆಚ್ಚು ಜೋರು ಮಾಡದೆ ಬಿಗಿದರು.

"ಬೇಟಾ, ಬಿಗಿಯಾಕ ನಿನ್ನ ತಾಕತ್ತು ಐತಿ. ಎಣ್ಣಿ ತಡಿಯಾಕ ಇದ ಬೇಕು," ಅಂದರು.

ಹೆಣ್ಣು ಕೂಸು ಹುಟ್ಟಿತು. ಐದು ತಿಂಗಳಾದ ಮೇಲೆ ಕರೆತರಲು ಅದೇ ಕಾರು ತೆಗೆದುಕೊಂಡು ಹೋದೆ. ಹೊಸ ವಾಷರು ಹಾಕಿದ್ದೆ, ಎಣ್ಣೆ ನೋಡಿದ್ದೆ, ಕಾರು ತೊಳೆದು ಒರೆಸಿದ್ದೆ. ಅವಳು ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. ಕಾರಿನ ಕೆಳಗೆ ಬಗ್ಗಿ ನೋಡಿದಳು. ನೆಲ ಒಣಗಿತ್ತು. ಗೆದ್ದೆ ಅಂದುಕೊಂಡೆ.

"ಬಸ್ಸು ಎಷ್ಟಕ್ಕ ಬರ್ತೈತಿ?" ಎಂದು ಕೇಳಿದಳು.

ಅವಳ ಟ್ರಂಕು ಬಸ್ಸಿನ ಮೇಲೆ ಹೇರಿಸಿದವನು ನಾನೇ. ಮಸ್ಕಿ ದಾಟಿ ಸಿಂಧನೂರಿನವರೆಗೂ ಖಾಲಿ ಕಾರಿನಲ್ಲಿ ಆ ಬಸ್ಸಿನ ಧೂಳು ಕುಡಿಯುತ್ತ ಹಿಂದೆ ಹಿಂದೆ ಬಂದೆ. ಕಾರು ಚೆನ್ನಾಗಿಯೇ ಓಡಿತು. ಆದರೂ ಮುಂದೆ ಹೋಗಲು ಮನಸ್ಸು ಬರಲಿಲ್ಲ. ನನ್ನ ಮಗಳು ಬಸ್ಸಿನಲ್ಲಿದ್ದಳು.