ಬೊಗಸೆ ಒಡ್ಡದ ಅಣ್ಣ

ಕಲಬುರ್ಗಿಯ ರದ್ದಿ ಅಂಗಡಿಯಲ್ಲಿ ನನಗೊಂದು ಹರಿದ ಪುಸ್ತಕ ಸಿಕ್ಕಿತ್ತು. ಬೇರೆ ಬೇರೆ ದೇಶದ ಮಾತುಗಳನ್ನು ಪಕ್ಕಪಕ್ಕ ಇಟ್ಟು ಇಂಗ್ಲಿಷಿನಲ್ಲಿ ವಿವರಿಸಿದ್ದು. ನನ್ನ ಇಂಗ್ಲಿಷೋ, ನಾನೇ ಕಲಿತ ಅರೆಬರೆ ಇಂಗ್ಲಿಷು. ಆದರೂ ಬಿಡಲಿಲ್ಲ. ಕುಡಿಯುವುದಕ್ಕೆ ಹಳೆಯ ಲ್ಯಾಟಿನ್ನಿನಲ್ಲಿ ‘ಬಿಬೆರೆ’. ಅದೇ ಇಟಲಿಯಲ್ಲಿ ‘ಬೆರೆ’, ಸ್ಪೇನಿನಲ್ಲಿ ‘ಬೆಬೆರ್’, ಫ್ರಾನ್ಸಿನಲ್ಲಿ ‘ಬ್ವಾರ್’. ಎಲ್ಲಾ ಒಂದೇ ತಾಯಿಯ ಮಕ್ಕಳು! ಖುಷಿಯೋ ಖುಷಿ.

ಅದೇ ವರ್ಷ, ಬ್ರಿಟಿಷರ ಸೈನ್ಯ ಸೇರಿದ್ದ ಅಣ್ಣ ಇಟಲಿಯ ಯುದ್ಧ ಮುಗಿಸಿ ನಮ್ಮೂರು ಇಜೇರಿಗೆ, ನಮ್ಮ ಕೇರಿಗೆ ಬಂದ.

“ಅಣ್ಣ, ಅಲ್ಲಿ ಕುಡಿಯೂದಕ್ಕ ‘ಬೆರೆ’ ಅಂತಾರ, ಹೌದಿಲ್ಲೋ?”

“ಒಬ್ಬಾಕಿ ಮುದುಕಿ ‘ಬೆವಿ’ ಅಂದಿದ್ಳು ನೋಡು. ಕುಡಿ ಅಂತ.”

ಬಾಯಾರಿ ಅವಳ ಬಾಗಿಲಿಗೆ ಹೋದವನು ಕುಕ್ಕರಗಾಲಲ್ಲಿ ಕೂತು ಬೊಗಸೆ ಒಡ್ಡಿದ್ದನಂತೆ. ನಮ್ಮ ಕೇರಿಯವರಿಗೆ ಊರವರು ನೀರು ಕೊಡುವುದು ಹಾಗೇ, ಮುಟ್ಟದೆ, ಮೇಲಿಂದ ಸುರಿದು. ಮುದುಕಿಗೇನು ಗೊತ್ತು? ಕೈ ತೊಳೆಯಲಿಕ್ಕೆಂದು ಸಾಬೂನು ತಂದಳಂತೆ! ಆಮೇಲೆ ಬಾಯಾರಿಕೆಯೆಂದು ತಿಳಿದು, ನೀರಿನ ಗ್ಲಾಸನ್ನೇ ಅವನ ಕೈಯಲ್ಲಿಟ್ಟು “ಬೆವಿ, ಬೆವಿ” ಎಂದಳಂತೆ.

“ನಗಬ್ಯಾಡ ತಮ್ಮ. ತುಟಿಗಿ ಹಚ್ಚಿ ಗಿಲಾಸ ಪೂರಾ ಕುಡದೆ. ಇನ್ನ ಯಾರ ಮುಂದೂ ಬೊಗಸಿ ಒಡ್ಡಂಗಿಲ್ಲ ನಾ.”

ಒಲೆಯ ಮುಂದಿದ್ದ ಅವ್ವ ಗಾಬರಿಯಾದಳು. “ಹಂಗಂದ್ರ ಗೌಡ್ರು ಹೊಲಕ್ಕ ಬಿಟ್ಕೊಂತಾರೇನು? ಕೂಲಿ ತಪ್ಪಿದ್ರ ತಿನ್ನೂದೇನು?”

ಜೋಳದ ಕೊಯ್ಲಿಗೆ ಮೂವರೂ ಹೋದೆವು. ಮನೆಯಿಂದ ಒಯ್ದ ನೀರು ಮಧ್ಯಾಹ್ನದೊಳಗೇ ಮುಗಿಯಿತು. ಗೌಡರ ಹೆಂಡತಿ ಬಿಂದಿಗೆ, ತಂಬಿಗೆ ತಂದಳು. ಎಲ್ಲರೂ ಸಾಲಾಗಿ ಕೂತರು. ಅಣ್ಣ ನಿಂತೇ ಇದ್ದ.

“ನೀರು ಬ್ಯಾಡೇನಲೇ?”

“ಬೇಕ್ರಿ ಅವ್ವಾರ. ತಂಬಿಗಿ ಕೈಯಾಗ ಕೊಡ್ರಿ.”

“ದೊರಿ ಬಂದಾರ, ಬೆಳ್ಳಿ ಗಿಲಾಸ ತರ್ರೆಪಾ!” ಎಂದು ಸಾಲಿನಲ್ಲಿದ್ದ ನಮ್ಮ ಕಾಕಾನೇ ನಕ್ಕ. ಬೇರೆ ಯಾರೂ ನಗಲಿಲ್ಲ.

“ನಾಳಿಂದ ಈ ಕಡೆ ಬರಬ್ಯಾಡ ನೀ,” ಎಂದಳು ಆಕೆ.

ಅಣ್ಣ ಕುಡುಗೋಲು ಕೆಳಗಿಟ್ಟು ನಡೆದೇಬಿಟ್ಟ.

ಬಿಂದಿಗೆ ನನ್ನ ಮುಂದೆ ಬಂತು. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಪಕ್ಕದಲ್ಲಿ ಅವ್ವ ಬೊಗಸೆಯಲ್ಲಿ ನೀರು ಹಿಡಿದುಕೊಂಡೇ, ಕುಡಿಯದೆ, ನನ್ನನ್ನು ನೋಡುತ್ತಿದ್ದಳು.

“ನಿನ್ನ ಕಾಲಿಗಿ ಬೀಳ್ತೇನಿ, ಕುಡಿಯೋ. ನೀನೂ ಹೋದ್ರ ನಾ ಹ್ಯಾಂಗ ಮಾಡ್ಲಿ?”

ಒಡ್ಡಿದೆ. ಕುಡಿದೆ. ತಲೆ ಎತ್ತಿದರೆ ಅಣ್ಣ ದೂರದ ಬದುವಿನ ಮೇಲೆ ನಿಂತು ನಮ್ಮ ಕಡೆಗೇ ನೋಡುತ್ತಿದ್ದ. ನನಗೆ ನಾಚಿಕೆಯಾಗಬಾರದೆಂದೋ ಏನೋ, ತಟ್ಟನೆ ಮುಖ ತಿರುಗಿಸಿಕೊಂಡ.