ಪುಕ್ಕಟೆ ಬೆಳಕು

ಅತ್ತಿಗೆ, ನೀವು ಮೈಗಳ್ಳಿಯಾಗಿರಲಿಲ್ಲ. ಚಕ್ರವೇ ಭಾರವಾಗಿತ್ತು. ಭಾರ ಮಾಡಿದವನು ನಾನು — ಅದು ನನಗೆ ಅಂದೇ ಗೊತ್ತಿತ್ತು.

ಶಿಡ್ಲಘಟ್ಟದ ನಮ್ಮ ಬೀದಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಹಿತ್ತಲ ಕೊಟ್ಟಿಗೆಯಲ್ಲಿ ಅಣ್ಣ ಬಿಸಿನೀರಿನ ಬಾಣಲೆಯ ಮುಂದೆ ಕೂತು ರೇಷ್ಮೆಗೂಡಿನಿಂದ ಎಳೆ ತೆಗೆಯುತ್ತಿದ್ದ. ನೀವು ಬೆಳಗಿನಿಂದ ಸಂಜೆಯವರೆಗೆ ಚರಕದ ಚಕ್ರ ತಿರುಗಿಸುತ್ತಿದ್ದಿರಿ. ಹೊಗೆ, ಆವಿ, ಹಗಲಲ್ಲೂ ಕತ್ತಲೆ. ಕಾಲೇಜಿನ ರಜೆಗೆ ಬಂದಿದ್ದ ನಾನು, ಗುಜರಿಯಲ್ಲಿ ಸಿಕ್ಕ ಪುಟ್ಟ ಡಿ.ಸಿ. ಮೋಟಾರೊಂದನ್ನು ಪಟ್ಟಿ ಹಾಕಿ ಆ ಚಕ್ರಕ್ಕೆ ಜೋಡಿಸಿದೆ. ಕರೆಂಟು ಕೊಟ್ಟರೆ ತಿರುಗುವ ಮೋಟಾರು, ತಿರುಗಿಸಿದರೆ ಕರೆಂಟು ಕೊಡುತ್ತದೆ — ಪುಸ್ತಕದಲ್ಲಿ ಓದಿದ್ದೆ. ನೀವು ಚಕ್ರ ತಿರುಗಿಸಿದಿರಿ, ಬಾಣಲೆಯ ಮೇಲೆ ಕಾರಿನ ಬಲ್ಬು ಹೊತ್ತಿತು. ಅಪ್ಪ ಬೀದಿಯವರನ್ನೆಲ್ಲ ಕರೆತಂದು ತೋರಿಸಿದರು. ಪುಕ್ಕಟೆ ಬೆಳಕು ಎಂದೆ ನಾನು. ಎಷ್ಟು ಸಲ ಹೇಳಿದೆನೋ — ಆ ಮಾತಿನ ರುಚಿಯೇ ಹಾಗಿತ್ತು.

ಮಾರನೆಯ ದಿನವೇ ನೀವು ಮೆಲ್ಲಗೆ ಬಂದು ಹೇಳಿದಿರಿ. "ಯಾಕೋ ಚಕ್ರ ಭಾರ ಆಗೈತೆ ಕಣಪ್ಪ. ರಟ್ಟೆ ಬಿದ್ದೋಗ್ತೈತೆ."

"ಹಂಗೇನಿಲ್ಲ ಅತ್ತಿಗೆ. ನಿಮ್ಗೆ ಹಂಗನ್ನಿಸ್ತದೆ ಅಷ್ಟೆ."

ಅಷ್ಟೇ ಮಾತು. ಆದರೆ ಅದಕ್ಕೂ ಮೊದಲೇ, ಕೊಟ್ಟಿಗೆಯಲ್ಲಿ ಯಾರೂ ಇಲ್ಲದಾಗ, ನಾನೇ ತಿರುಗಿಸಿ ನೋಡಿದ್ದೆ. ಬಲ್ಬಿನ ತಂತಿ ಬಿಡಿಸಿದರೆ ಚಕ್ರ ಹಗುರ. ಸಿಕ್ಕಿಸಿದರೆ ಯಾರೋ ಹಿಂದಿನಿಂದ ಹಿಡಿದೆಳೆದಂತೆ. ಬೆಳಕು ಬರುತ್ತಿದ್ದುದು ನಿಮ್ಮ ರಟ್ಟೆಯಿಂದ — ತಿಳಿಯಿತು. ತಿಳಿದೂ... ಅಪ್ಪನ ಮುಖ, ಬೀದಿಯವರ ಶಹಭಾಸ್‌ಗಿರಿ — ಹೇಳಲು ಬಾಯಿ ಬರಲಿಲ್ಲ.

ನಿಮ್ಮ ಕೈ ಸೋತಾಗಲೆಲ್ಲ ಚಕ್ರ ನಿಧಾನವಾಗುತ್ತಿತ್ತು, ನೂಲು ಒಂದೇ ಸಮ ಬರುತ್ತಿರಲಿಲ್ಲ. ವ್ಯಾಪಾರಿ ಮೂಗು ಮುರಿದ. ಅಣ್ಣ ಎಲ್ಲರೆದುರು, "ಊಟಕ್ಕೆ ಮುಂದು, ಕೆಲಸಕ್ಕೆ ಹಿಂದು" ಎಂದ. ಬುದ್ಧಿ ಬರಲಿ ಎಂದು ನಿಮ್ಮನ್ನು ಪೆರೇಸಂದ್ರದ ತವರಿಗೆ ಬಿಟ್ಟುಬಂದ. ಹೊರಡುವಾಗ ನೀವು ನನ್ನ ಕಡೆ ನೋಡಿದಿರಿ. ನಾನು ಮೋಟಾರಿಗೆ ಎಣ್ಣೆ ಬಿಡುತ್ತಿದ್ದೆ.

ಆಮೇಲೆ ಚಕ್ರಕ್ಕೆ ಕೂತವನು ನಾನೇ. ಮಧ್ಯಾಹ್ನದೊಳಗೆ ತೋಳು ಎತ್ತಲಾಗಲಿಲ್ಲ. ಪಟ್ಟಿ ಬಿಚ್ಚಿ, ಮೋಟಾರು ಸುಟ್ಟುಹೋಯಿತು ಎಂದೆ — ಇನ್ನೊಂದು ಸುಳ್ಳು. ನೀವು ಮರಳಿ ಬಂದಾಗ ಚಕ್ರ ಸರಾಗವಾಗಿ ತಿರುಗಿತು. "ನೋಡಿದ್ಯಾ, ತವರಲ್ಲಿ ನಾಲ್ಕು ದಿನ ಇದ್ದು ಬಂದ್ಲು, ಮೈಗಳ್ಳತನ ಬಿಟ್ಟೋಯ್ತು" ಎಂದಳು ಅಮ್ಮ. ಎಲ್ಲರೂ ನಂಬಿದರು. ಅದೂ ಹೋಗಲಿ — ನೀವೂ ನಂಬಿದಿರಿ.

ಇಷ್ಟು ವರ್ಷಗಳ ಮೇಲೆ, ಮೊನ್ನೆ ನಿಮ್ಮ ಮನೆಯಲ್ಲಿ, ಪಾತ್ರೆ ತೊಳೆಯಲು ಸತಾಯಿಸುತ್ತಿದ್ದ ಮೊಮ್ಮಗಳಿಗೆ ನೀವು ನಗುತ್ತ ಹೇಳಿದಿರಿ: "ನಾನೂ ನಿನ್ನಂಗೇ ಮೈಗಳ್ಳಿ ಆಗಿದ್ದೆ ಕಣಮ್ಮ. ನಿಮ್ಮ ತಾತ ತವರಿಗೆ ಕಳಿಸಿ ಬುದ್ಧಿ ಕಲಿಸಿದ್ರು." ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ ನಾನು. ಆಗಲೂ — ಬಾಯಿ ಬಿಡಲಿಲ್ಲ.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಾಚಿಕೆಯಾಗುತ್ತದೆ, ನನ್ನ ಮೇಲೆ ಸಿಟ್ಟು ಬರುತ್ತದೆ, ಎದ್ದು ಓಡಾಡುತ್ತೇನೆ. ನಿಮಗೆ ಓದಲು ಬಾರದು. ಬರೆದು ಕೈತೊಳೆದುಕೊಳ್ಳುವ ಹಾಗಿಲ್ಲ. ನಾಳೆ ಬರುತ್ತೇನೆ. ಅಣ್ಣನನ್ನೂ ಆ ಹುಡುಗಿಯನ್ನೂ ಎದುರಿಗೆ ಕೂರಿಸಿಕೊಂಡು, ಅಂದೇ ಕೊಡಬೇಕಿದ್ದ ಉತ್ತರ ಕೊಡುತ್ತೇನೆ — ಹೌದು ಅತ್ತಿಗೆ, ಚಕ್ರ ಭಾರ ಆಗೈತೆ.