ರೇಟು ಹೇಳದ ಶೇಷಗಿರಿ ಮೇಷ್ಟ್ರು

ಶೇಷಗಿರಿ ಮೇಷ್ಟ್ರು ಪತ್ರಿಕೆ ಓದಲು ಶುರು ಮಾಡುತ್ತಿದ್ದುದು ಟೆಂಡರ್ ಪ್ರಕಟಣೆಗಳ ಪುಟದಿಂದ. ಮೊದಲ ಪುಟದಲ್ಲಿ ಸರ್ಕಾರ ಉರುಳಿದ ಸುದ್ದಿಯಿದ್ದರೂ ಅದು ಕಾಯಬೇಕಿತ್ತು. ಓದುವುದೂ ಮನಸ್ಸಿನಲ್ಲಲ್ಲ, ಕ್ರಿಕೆಟ್ ಕಾಮೆಂಟರಿಯ ಹಾಗೆ ಕೂಗಿ. "ಬಂತು ನೋಡ್ರಪ್ಪಾ, ಆಸ್ಪತ್ರೆಗೆ ಸ್ಟ್ರೆಚರ್! ಸ್ಕೂಲಿಗೆ ಬೆಂಚು! ಅರೆರೆ, ಹೋದ್ ವರ್ಷನೂ ಬೆಂಚು, ಈ ವರ್ಷನೂ ಬೆಂಚು. ಮಕ್ಳು ಓದ್ತವೋ, ಬೆಂಚ್ ತಿಂತವೋ?" ಟೈಪ್ ಕಲಿಯುತ್ತಿದ್ದ ನಾವು ನಗುತ್ತ ಕೈ ನಿಲ್ಲಿಸಿದರೆ ಮರದ ಸ್ಕೇಲು ಮೇಜಿನ ಮೇಲೆ ಪಟ್ ಎನ್ನುತ್ತಿತ್ತು.

ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇದ್ದದ್ದು ಕೋಲಾರದ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಪಾತ್ರೆ ಅಂಗಡಿಯ ಮಹಡಿಯಲ್ಲಿ. ತೊಂಬತ್ತರ ದಶಕದ ಮೊದಲಲ್ಲಿ ನಾನು ಮುಳಬಾಗಿಲಿನಿಂದ ಬಸ್ಸಿನಲ್ಲಿ ಬಂದು ಅಲ್ಲಿ ಕಲಿತೆ. ಬೆಳಿಗ್ಗೆಯೆಲ್ಲ ನಮ್ಮಂಥವರ ಗಲಾಟೆ. ಮಧ್ಯಾಹ್ನವಾದರೆ ಮೆಟ್ಟಿಲು ಹತ್ತುತ್ತಿದ್ದವರು ಕಂಟ್ರಾಕ್ಟರುಗಳು, ಸಪ್ಲೈ ಮಾಡುವವರು. ಒಂದೇ ಟೆಂಡರಿಗೆ ಬಡಿದಾಡುವವರು ಒಂದೇ ಬೆಂಚಿನ ಮೇಲೆ ಕೂತು, ತಮ್ಮ ರೇಟು ಬರೆದ ಚೀಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕಾಯುತ್ತಿದ್ದರು. ಮೇಷ್ಟ್ರು ಒಬ್ಬೊಬ್ಬರನ್ನೇ ಒಳಗೆ ಕರೆದು ಟೈಪ್ ಮಾಡಿ, ಪ್ರತಿಗಳ ಜೊತೆಗೆ ಬಳಸಿದ ಕಾರ್ಬನ್ ಹಾಳೆಯನ್ನೂ ಮಡಿಸಿ ಕೈಗೆ ಕೊಡುತ್ತಿದ್ದರು. "ಬೆಳಕಿಗೆ ಹಿಡಿದ್ರೆ ಇದ್ರಲ್ಲೂ ನಿನ್ ರೇಟ್ ಕಾಣ್ತದೆ. ತಗೊಂಡೋಗಿ ಒಲೆಗೆ ಹಾಕು," ಎನ್ನುತ್ತಿದ್ದರು.

ಟೈಪ್ ಪರೀಕ್ಷೆ ಪಾಸಾದರೂ ನನಗೆ ಕೆಲಸ ಸಿಗಲಿಲ್ಲ. ಹೊಲಿಗೆ ಕೈಹಿಡಿಯಿತು. ಮುಳಬಾಗಿಲಿನ ನಮ್ಮ ಮನೆಯ ಪಕ್ಕದ ಶೆಡ್ಡಿನಲ್ಲಿ ಮೆಷಿನ್‌ಗಳನ್ನು ಹಾಕಿ, ಬೀದಿಯ ನಾಲ್ಕಾರು ಹೆಂಗಸರನ್ನು ಸೇರಿಸಿಕೊಂಡೆ. ಮದುವೆ ಕಾಲದಲ್ಲಿ ಉಸಿರಾಡಲು ಪುರಸೊತ್ತಿಲ್ಲ, ಅದು ಮುಗಿದರೆ ನೊಣ ಹೊಡೆಯುವ ಕೆಲಸ. ಒಂದು ವರ್ಷ ಎಷ್ಟು ಕೆಟ್ಟಿತೆಂದರೆ, ಮೆಷಿನ್ ಮಾರುವುದೊಂದೇ ಬಾಕಿ. ಆಗ ಜಿಲ್ಲೆಯ ಸರ್ಕಾರಿ ಹಾಸ್ಟೆಲುಗಳಿಗೆ ಬೆಡ್‌ಶೀಟ್ ಕೊಳ್ಳುತ್ತಾರೆಂದು ಕೇಳಿ ಮೇಷ್ಟ್ರ ಬಳಿ ಓಡಿದೆ. ಹೋದ ಸಲದ ರೇಟು ಎಷ್ಟು ಎಂಬುದು ನನ್ನ ಮೊದಲ ಪ್ರಶ್ನೆ.

"ರೇಟು ಕೊನೇಗೆ ಕಣಮ್ಮಾ. ಮೊದ್ಲು ಇಲಾಖೆ ಏನ್ ತಗೊಂತದೆ, ಯಾವಾಗ ತಗೊಂತದೆ, ತಗೊಂಡಿದ್ದು ಏನಾಯ್ತು, ಅದನ್ನ ನೋಡು. ನಾಳೆ ರಾಯಲ್ಪಾಡಿಗೆ ಹೋಗಾಣ ನಡಿ."

"ರಾಯಲ್ಪಾಡಲ್ಲಿ ಯಾವ ಆಫೀಸಿದೆ ಸಾರ್?"

"ಆಫೀಸಲ್ಲ. ಬಟ್ಟೆ ಒಣಗಾಕೋ ಹಗ್ಗ ಇದೆ."

ನಿಜವಾಗಿಯೂ ಹಗ್ಗವನ್ನೇ ತೋರಿಸಿದರು! ರಾಯಲ್ಪಾಡಿನ ಹಾಸ್ಟೆಲ್ ಹಿತ್ತಲಲ್ಲಿ, ಮಾವಿನ ಮರಕ್ಕೆ ಕಟ್ಟಿದ ಹಗ್ಗದ ಮೇಲೆ ಸರ್ಕಾರದ ಬೆಡ್‌ಶೀಟುಗಳು ಸಾಲಾಗಿ ನೇತಾಡುತ್ತಿದ್ದವು. ಎಲ್ಲವೂ ಮೊಣಕಾಲುದ್ದ ಮೋಟಾಗಿದ್ದವು. ಅಡುಗೆಯವರು ತೆಲುಗಿನಲ್ಲಿ "ಒಕ ಸಾರಿ ಉತಿಕಿತೇ ಇಂತೇ ಸಾರ್," ಎಂದು, ಒಂದು ಸಲ ಒಗೆದರೆ ಇಷ್ಟೇ ಆಗುತ್ತದೆಂದು ಗೇಣು ತೋರಿಸಿ ನಕ್ಕರು. ತಲೆಗೆ ಎಳೆದುಕೊಂಡರೆ ಮಕ್ಕಳ ಕಾಲು ಹೊರಗೆ. ಅಲ್ಲಿಂದ ಶ್ರೀನಿವಾಸಪುರಕ್ಕೆ ಬಂದರೆ ಅಲ್ಲಿಯ ಹಗ್ಗದ ಮೇಲೂ ಅದೇ ಕಥೆ. ಬಸ್ಸಿನಲ್ಲಿ ಮೇಷ್ಟ್ರು ಸೀಟಿನ ತುದಿಗೆ ಬಂದು ಕೂತಿದ್ದರು. "ಗೊತ್ತಾಯ್ತಾ? ಪ್ರತಿ ವರ್ಷ ಯಾಕ್ ಕೊಳ್ತಾರೆ ಅಂತ? ಕೊಂಡಿದ್ದೇ ಉಳಿಯಲ್ಲ. ಖರ್ಚು ಮಾಡೋವ್ರಿಗೂ ಇದು ಗೊತ್ತಾಗ್ಬೇಕಲ್ಲ, ಮೀಟಿಂಗ್ ಕರೀತಾರೆ, ನೀನೇ ಎದ್ದು ಕೇಳು!"

ಟೆಂಡರ್ ಹಾಕುವ ಮೊದಲು ಸಂಶಯ ಕೇಳಲು ಒಂದು ಸಭೆ ಕರೆಯುತ್ತಿದ್ದರು. ಗಂಡಸರೇ ತುಂಬಿದ್ದ ಆ ಕೋಣೆಯಲ್ಲಿ ನಾನು ಎದ್ದು ನಿಂತು, "ಬೆಡ್‌ಶೀಟಿನ ಅಳತೆ ಒಗೆಯೋಕೆ ಮುಂಚೇನಾ ಮೇಡಂ, ಒಗೆದ ಮೇಲಾ?" ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ಹೊಸದಾಗಿ ಬಂದಿದ್ದ ಆಫೀಸರ್ ಮೇಡಂ ನಗಲಿಲ್ಲ. ಸ್ವಲ್ಪ ಯೋಚಿಸಿ, "ಒಗೆದ ಮೇಲೆ. ಎಲ್ಲರ ಸ್ಯಾಂಪಲ್ಲನ್ನೂ ಇಲ್ಲೇ ಒಗೆಸ್ತೀನಿ," ಎಂದರು. ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು.

ಟೆಂಡರ್ ತೆಗೆದ ದಿನವನ್ನು ನೆನೆದರೆ ಈಗಲೂ ಎದೆ ಹಾರುತ್ತದೆ. ಮೇಷ್ಟ್ರು ನನಗಿಂತ ಮುಂಚೆ ಬಂದು ಆಫೀಸಿನ ಗೇಟಿನಲ್ಲಿ ನಿಂತಿದ್ದರು. "ನಡಿ ನಡಿ, ಒಗೆಯೋಕೆ ಬಕೆಟ್ ಬಂತು!" ಎಂದು ಮದುವೆ ಮನೆಗೆ ಕರೆಯುವ ಹಾಗೆ ಕರೆದರು. ಎರಡು ಜೀಪುಗಳ ನಡುವೆ ಹಗ್ಗ ಕಟ್ಟಿ, ಒಗೆದ ಸ್ಯಾಂಪಲ್ಲುಗಳನ್ನೆಲ್ಲ ಹರವಿದರು. ಆ ಉರಿಬಿಸಿಲಿನಲ್ಲಿ ಬೆಂಗಳೂರಿನಿಂದ ಬಂದ ದೊಡ್ಡ ಸಪ್ಲೈಯರುಗಳೂ ಕರ್ಚೀಫನ್ನು ತಲೆಗೆ ಹಾಕಿಕೊಂಡು, ಬಟ್ಟೆ ಒಣಗುವುದನ್ನೇ ನೋಡುತ್ತ ನಿಂತಿದ್ದರು. ಮೇಡಂ ಟೇಪು ಹಿಡಿದು ಬಂದರು. ಒಂದೊಂದೇ ಸ್ಯಾಂಪಲ್ ಗಿಡ್ಡವೆಂದು ಪಕ್ಕಕ್ಕೆ ಹೋಯಿತು. ಕೊನೆಗೆ ಅಳತೆಗೆ ನಿಂತದ್ದು ಎರಡೇ. ಒಂದು ನನ್ನದು, ಇನ್ನೊಂದು ಮಾಲೂರಿನ ಅಶ್ವತ್ಥಪ್ಪ ಎಂಬವರದು.

ಆಮೇಲೆ ಇಬ್ಬರ ರೇಟಿನ ಲಕೋಟೆ ಒಡೆದು ಎಲ್ಲರೆದುರು ಓದಿದರು. ಅಶ್ವತ್ಥಪ್ಪನವರದು ನನ್ನದಕ್ಕಿಂತ ಬೆಡ್‌ಶೀಟಿಗೆ ಒಂದೂವರೆ ರೂಪಾಯಿ ಕಡಿಮೆ. ಆರ್ಡರ್ ಅವರ ಪಾಲಾಯಿತು.

ನನಗೆ ಸೋತದ್ದಕ್ಕಿಂತ ಹೆಚ್ಚು ಉರಿದದ್ದು ಬೇರೆ. ಅಶ್ವತ್ಥಪ್ಪ ನೇರ ಬಂದು ಮೇಷ್ಟ್ರ ಕಾಲು ಮುಟ್ಟಿ, "ನೀವು ಹಗ್ಗ ತೋರಿಸ್ದೆ ಇದ್ದಿದ್ರೆ ನಂದೂ ಗಿಡ್ಡಾಗ್ತಿತ್ತು ಸಾರ್," ಎಂದರು. ಅಂದರೆ ಅವರನ್ನೂ ಕರೆದುಕೊಂಡು ಹೋಗಿದ್ದಾರೆ! ನನ್ನ ಟೆಂಡರ್ ಟೈಪ್ ಮಾಡಿದ್ದೂ ಇವರೇ, ಅವರದನ್ನು ಟೈಪ್ ಮಾಡಿದ್ದೂ ಇವರೇ. ರಸ್ತೆಯಲ್ಲೇ ನಿಂತು ಹರಿಹಾಯ್ದೆ.

"ನಿಮಗೆ ಗೊತ್ತಿತ್ತಲ್ವಾ ಸಾರ್, ನಾನು ಸೋಲ್ತೀನಿ ಅಂತ?"

"ರೇಟ್ ಗೊತ್ತಿತ್ತು."

"ಎರಡು ರೂಪಾಯಿ ಇಳಿಸು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನಾನು ಮೆಷಿನ್ ಮಾರ್ಬೇಕೀಗ!"

ಮೇಷ್ಟ್ರು ದನಿ ಏರಿಸಲಿಲ್ಲ. "ಸರ್ಕಾರ ಏನ್ ಕೊಳ್ತದೆ ಅನ್ನೋದು ಊರಿನ ದುಡ್ಡಿನ ವಿಷ್ಯ ಪದ್ಮಾ, ಯಾರ್ ಬಂದು ಕೇಳಿದ್ರೂ ಹೇಳ್ತೀನಿ. ರೇಟು ಅವರವರ ಹೊಟ್ಟೆ ಪಾಡು. ಅದನ್ನ ನನ್ ಬಾಯಿಂದ ಯಾರೂ ಕೇಳಲ್ಲ," ಎಂದರು. ನಾನು ಮುಖ ತಿರುಗಿಸಿ ಬಸ್ಸು ಹತ್ತಿದೆ. ಆ ಬೇಸಿಗೆಯಲ್ಲಿ ಎರಡು ಮೆಷಿನ್ ಮಾರಿದೆ. ಅವುಗಳ ಮುಂದೆ ಕೂರುತ್ತಿದ್ದ ಹೆಂಗಸರಿಗೆ ಬೇರೆ ಕಡೆ ಕೆಲಸ ನೋಡಿಕೊಳ್ಳಿ ಎಂದು ನಾನೇ ಹೇಳಬೇಕಾಯಿತು.

ಸಿಟ್ಟಿದ್ದರೂ ಅವರು ಕಲಿಸಿದ ಚಟ ಬಿಡಲಿಲ್ಲ. ಆ ವರ್ಷವಿಡೀ ನಾನು ಹಾಸ್ಟೆಲುಗಳ ಮುಂದೆ ಹಾದುಹೋದಾಗಲೆಲ್ಲ ಕಣ್ಣು ಅಗಲಿಸಿ ನೋಡಿದೆ. ಅಶ್ವತ್ಥಪ್ಪನವರ ಟೆಂಪೊ ಒಂದೇ ಸಲ ಬರಲಿಲ್ಲ. ಮೊದಲು ಕೋಲಾರಕ್ಕೆ, ಎಷ್ಟೋ ದಿನ ಬಿಟ್ಟು ಮುಳಬಾಗಿಲಿಗೆ, ಮಳೆಗಾಲ ಕಳೆದ ಮೇಲೆ ಶ್ರೀನಿವಾಸಪುರಕ್ಕೆ. ವಾರ್ಡನ್ನರನ್ನು ಕೇಳಿದರೆ, ಇಲಾಖೆಗೆ ಹಣ ಬರುವುದೇ ಕಂತಿನಲ್ಲಿ, ಕೊಳ್ಳುವುದೂ ಕಂತಿನಲ್ಲಿ ಎಂದರು. ನಾನೋ, ಬಟ್ಟೆಯನ್ನೆಲ್ಲ ಒಟ್ಟಿಗೇ ಸಾಲ ಮಾಡಿ ತರಬೇಕೆಂದುಕೊಂಡು ಆ ಬಡ್ಡಿಯನ್ನೂ ರೇಟಿಗೆ ಸೇರಿಸಿದ್ದೆ! ಹಣೆ ಚಚ್ಚಿಕೊಂಡು, ಅದೇ ಖುಷಿಯಲ್ಲಿ ಒಬ್ಬಳೇ ನಕ್ಕೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ನಾನೇ ಕಂಡುಕೊಂಡಿದ್ದೆ.

ಮುಂದಿನ ಟೆಂಡರ್ ಬಂತು. ಬೇರೆ ಟೈಪಿಸ್ಟರು ಬೇಕಾದಷ್ಟಿದ್ದರು. ಆದರೆ ಈ ಸಲ ಬಡ್ಡಿ ಬಿಟ್ಟು ಬರೆದ ರೇಟಿನ ಚೀಟಿ ಕೈಯಲ್ಲಿ ಹಿಡಿದಾಗ, ಇದನ್ನು ಧೈರ್ಯವಾಗಿ ಕೊಡಬಹುದಾದ ಜಾಗ ಕೋಲಾರದಲ್ಲಿ ಒಂದೇ ಎಂದು ಗೊತ್ತಾಯಿತು. ಮೆಟ್ಟಿಲು ಹತ್ತಿದೆ. ಮೇಷ್ಟ್ರು "ಬಾಮ್ಮಾ" ಎಂದವರು ಮತ್ತೇನೂ ಕೇಳದೆ ಟೈಪ್ ಮಾಡಿ, ಕಾರ್ಬನ್ ಮಡಿಸಿಕೊಟ್ಟರು. ಮುಖ ನೋಡಿ ಏನಾದರೂ ತಿಳಿದೀತೆಂದು ಕಣ್ಣು ನೆಟ್ಟೆ. ಏನೂ ತಿಳಿಯಲಿಲ್ಲ.

ಆ ವರ್ಷ ನಾನು ಗೆದ್ದೆ. ರೇಟು ಓದುವುದು ಮುಗಿಯುತ್ತಿದ್ದಂತೆ ನಾನು ಕೂಗಿದ ಕೂಗಿಗೆ ಜವಾನ ಒಳಗೆ ಇಣುಕಿದ. ಹೊರಗೆ ಬಂದರೆ ಅಶ್ವತ್ಥಪ್ಪ ಕೆಂಪು ಮುಖ ಮಾಡಿಕೊಂಡು ಮೇಷ್ಟ್ರನ್ನು ಅಡ್ಡಗಟ್ಟಿ, "ನಿಮಗೆ ಗೊತ್ತಿತ್ತಲ್ವಾ ಸಾರ್?" ಎನ್ನುತ್ತಿದ್ದರು. ಅದೇ ಮಾತು, ಅದೇ ಸಿಟ್ಟು. ನಾನೇ ಹೋಗಿ ಇಬ್ಬರನ್ನೂ ಕಾಫಿಗೆ ಕರೆದೆ. ಅವತ್ತಿನಿಂದ ಅಶ್ವತ್ಥಪ್ಪನವರೂ ನಾನೂ ಟೆಂಡರಿನಲ್ಲಿ ಎದುರಾಳಿಗಳು, ಮಿಕ್ಕಂತೆ ಸ್ನೇಹಿತರು.

ಆಮೇಲೆ ಟೆಂಡರುಗಳು ಕಂಪ್ಯೂಟರಿಗೆ ಹೋದವು. ಇನ್‌ಸ್ಟಿಟ್ಯೂಟ್ ಮುಚ್ಚಿತು. ಮೇಷ್ಟ್ರಿಗೆ ಹುಷಾರಿಲ್ಲವೆಂದು ತಿಳಿದು ನೋಡಲು ಹೋದೆ. ಮಂಚದ ಮೇಲೆ ಒರಗಿಕೊಂಡೇ, ಇಲಾಖೆ ಈಗ ಏನೇನು ಕೊಳ್ಳುತ್ತಿದೆ ಎಂದು ಒಂದೂ ಬಿಡದೆ ಕೇಳಿದರು. ಕಾಫಿ ತಂದ ಅವರ ಹೆಂಡತಿ ಸುಬ್ಬಲಕ್ಷ್ಮಮ್ಮನವರು ನನ್ನ ಪಕ್ಕ ಕೂತರು.

"ನೀನೂ ಆ ಮಾಲೂರಿನವನೂ ಬಡಿದಾಡಿದ್ರಲ್ಲ ಕಣೇ, ಆ ಎರಡು ವರ್ಷನೂ ಟೆಂಡರ್ ತೆಗೆಯೋ ದಿನ ಈ ಮನುಷ್ಯ ಒಂದಗುಳು ಮುಟ್ಲಿಲ್ಲ. 'ಇವತ್ತು ಇಬ್ರಲ್ಲಿ ಒಂದು ಮಗು ಅಳ್ತದೆ' ಅಂತ ಹಜಾರದ ತುಂಬ ಓಡಾಡಿದ್ರು. ಯಾವ ಮಗು ಅಂದ್ರೆ ನಂಗೂ ಹೇಳ್ಲಿಲ್ಲ."

"ಏಯ್, ಸುಮ್ನಿರೇ! ಅವತ್ತು ಏಕಾದಶಿ ಇತ್ತು ಕಣಮ್ಮಾ, ಅವಳ ಮಾತು ಕೇಳ್ಬೇಡ," ಎಂದು ಮೇಷ್ಟ್ರು ರೇಗಿದರು.

"ಎರಡು ವರ್ಷನೂ ಏಕಾದಶಿನಾ?" ಎಂದರು ಸುಬ್ಬಲಕ್ಷ್ಮಮ್ಮ.

ಮೇಷ್ಟ್ರು ಗೋಡೆಯ ಕಡೆ ಹೊರಳಿ ಮಲಗಿದರು. ನನಗೆ ನಗು ಬಂತು. ಕಾಫಿ ಅರ್ಧಕ್ಕೇ ಉಳಿಯಿತು. ಅದೇ ನಾನು ಅವರನ್ನು ಕೊನೆಯ ಸಲ ನೋಡಿದ್ದು.

ಅವರು ಹೋದ ಸುದ್ದಿಯನ್ನು ಅಶ್ವತ್ಥಪ್ಪನವರಿಗೆ ಫೋನಿನಲ್ಲಿ ತಿಳಿಸಿದವಳು ನಾನೇ. ಸುಬ್ಬಲಕ್ಷ್ಮಮ್ಮ ಹೇಳಿದ್ದನ್ನೂ ಹೇಳಿದೆ.

"ಹಂಗಾದ್ರೆ ನಾನು ಸೋತ ದಿನಾನೂ ಹಸ್ಕೊಂಡೇ ಬಂದಿದ್ರಾ?" ಎಂದರು.

"ಹೂಂ," ಎಂದೆ. "ಒಂದು ವರ್ಷ ನನಗೋಸ್ಕರ, ಒಂದು ವರ್ಷ ನಿಮಗೋಸ್ಕರ."